ಸಿಂಹಳದಿಂದ ಸುಳ್ಯಕ್ಕೆ

ನಮ್ಮ ಕಾಸರಗೋಡಿನಿಂದ ಮುಳ್ಳೇರಿಯಾ ಮಾರ್ಗವಾಗಿ ಜಾಲ್ಸೂರನ್ನು ಸೇರಿ ಸುಳ್ಯಕ್ಕೆ ಹೋಗಿಬರುವವರಿಗೆ ಆ ಸೀಮೆಯ ಸರಕಾರಿ ರಬ್ಬರು ತೋಟಗಳು ಅಪರಿಚಿತವಲ್ಲ. ಆದರೆ ಅಲ್ಲಿಯ ಕೂಲಿಮನೆಗಳಲ್ಲಿ ತಮಿಳು ಮಾತು ಕೇಳಿಬರುವುದೇಕೆಂದು ವಿಚಾರಿಸಿದವರು ಕಡಮೆ. ಅದರ ಮೂಲವು ಸಮುದ್ರದಾಚೆಯ ಸಿಂಹಳದಲ್ಲಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಆಂಗ್ಲರು ಆ ದ್ವೀಪದ ಬೆಟ್ಟಗಳಲ್ಲಿ ಮೊದಲು ಕಾಫಿಯನ್ನೂ, ಎಲೆರೋಗದಿಂದ ಅದು ಹಾಳಾದ ತರುವಾಯ ಚಹವನ್ನೂ ಬೆಳೆಸಿದರು. ಕಂಗಾಣಿಗಳೆಂಬ ಮೇಸ್ತ್ರಿಗಳು ತಮಿಳು ಜಿಲ್ಲೆಗಳ ಬಡವರಿಗೆ ಮುಂಗಡ ಕೊಟ್ಟು ಕರೆದೊಯ್ದರು. ತಲೆಮಾರುಗಳು ಅಲ್ಲಿಯೇ ಹುಟ್ಟಿ ಅಲ್ಲಿಯೇ ಮಣ್ಣಾದರೂ, 1948ರ ಪೌರತ್ವದ ಕಾನೂನು ಅವರಲ್ಲಿ ಬಹುಮಂದಿಯನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರ ಅಕ್ಟೋಬರ್ 30ರಂದು ಲಾಲ್ ಬಹಾದೂರ್ ಶಾಸ್ತ್ರಿಗಳೂ ಸಿರಿಮಾವೋ ಬಂಡಾರನಾಯಿಕೆಯವರೂ ಒಪ್ಪಂದ ಮಾಡಿಕೊಂಡು, ಸುಮಾರು 9,75,000 ಜನರಲ್ಲಿ 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಂಹಳಕ್ಕೆ ಎಂದು ನಿಶ್ಚಯಿಸಿದರು. ಉಳಿದ 1,50,000 ಜನರನ್ನು 1974ರಲ್ಲಿ ಸರಿಪಾಲು ಮಾಡಲಾಯಿತು, ದಾಯಾದಿಗಳು ಅಡಿಕೆ ತೋಟವನ್ನು ಹಂಚಿಕೊಂಡಂತೆ! ಮನೆಯ ಮೆಟ್ಟಿಲಿಳಿಯದೆಯೇ 1956ರಲ್ಲಿ ರಾಜ್ಯ ಬದಲಾದ ನಮಗೆ ಇದರ ಸಂಕಟವನ್ನು ವಿವರಿಸಬೇಕಾಗಿಲ್ಲ.

ತಲೈಮನ್ನಾರಿನಿಂದ ಹಡಗಿನಲ್ಲಿ ರಾಮೇಶ್ವರಕ್ಕೆ ಬಂದಿಳಿದವರಲ್ಲಿ ಅನೇಕರಿಗೆ ದೊರೆತುದು ವ್ಯಾಪಾರದ ಸಾಲ. ತಕ್ಕಡಿ ಹಿಡಿದು ಅಭ್ಯಾಸವಿಲ್ಲದ ಕೈಗಳಲ್ಲಿ ಆ ಹಣ ಬೇಗನೆ ಕರಗಿತು. ತೋಟದವರಿಗೆ ತೋಟದ ಕೆಲಸವನ್ನೇ ಕೊಡುವ ಯೋಚನೆ ಇದಕ್ಕಿಂತ ವಿವೇಕದ್ದೆಂದು ನಮ್ಮ ಅಭಿಪ್ರಾಯ. ಅದರಂತೆ ನೀಲಗಿರಿಯಲ್ಲಿ ಸರಕಾರಿ ಚಹ ತೋಟಗಳೆದ್ದವು. ಪುತ್ತೂರು ಸುಳ್ಯಗಳ ರಬ್ಬರು ತೋಟಗಳು 1971ರಲ್ಲಿ ಸ್ಥಾಪಿತವಾದ ಅರಣ್ಯ ಅಭಿವೃದ್ಧಿ ನಿಗಮದ ಕೈಸೇರಿದವು.

ಆದರೆ ಚಹದ ಕೈ ರಬ್ಬರಿಗೆ ತಾನಾಗಿ ಒಗ್ಗುವುದಿಲ್ಲ. ಚಹಕ್ಕೆ ಬೇಕಾದುದು ಎರಡೆಲೆ ಒಂದು ಕುಡಿಯನ್ನು ಚಿವುಟುವ ಬೆರಳಿನ ಚುರುಕು. ರಬ್ಬರಿಗಾದರೋ ಬೆಳಗಿನ ತಂಪಿನಲ್ಲಿಯೇ, ಹಾಲು ಚೆನ್ನಾಗಿ ಹರಿಯುವ ಹೊತ್ತಿನಲ್ಲಿ, ತೊಗಟೆಯನ್ನು ಓರೆಯಾಗಿ ಎಳೆಯಷ್ಟೇ ಕೆತ್ತಬೇಕು. ಕತ್ತಿ ತುಸು ಆಳಕ್ಕಿಳಿದರೆ ಮರಕ್ಕೆ ಗಾಯ, ಮೇಲೆಯೇ ಸರಿದರೆ ಹಾಲಿಲ್ಲ. ಆಮೇಲೆ ಮರದಿಂದ ಮರಕ್ಕೆ ಹೋಗಿ ಹಾಲನ್ನು ಕೂಡಿಸಿ ತರಬೇಕು. ಮಳೆಗಾಲದಲ್ಲಿ ತೊಗಟೆ ಒದ್ದೆಯಾದರೆ ಕೆತ್ತನೆಯೇ ಇಲ್ಲ. ನಮ್ಮ ಮಳೆಯೋ ತಿಂಗಳುಗಟ್ಟಲೆ ಬಿಡದು. ಅಲ್ಲಿಯ ಮಂಜಿನ ಬೆಟ್ಟಗಳಿಂದ ಬಂದವರು ಈ ಸೆಕೆಯಲ್ಲಿ, ತುಳು ಕನ್ನಡಗಳ ನಡುವೆ, ಹೊಸ ಕಸುಬನ್ನು ಕಲಿತು ಸಂಸಾರ ನಿಲ್ಲಿಸಿದರು.

ಇಷ್ಟಾದರೂ ಈ ಏರ್ಪಾಡಿನಲ್ಲೊಂದು ತೊಡಕಿದೆ. ಕೂಲಿಮನೆಯು ಕೂಲಿಯ ಜೊತೆಗೆ ಬಂದುದು. ಕೆಲಸ ಮುಗಿದ ಮೇಲೆ ಅದರ ಮೇಲೆ ಹಕ್ಕಿಲ್ಲ. ಕೂಲಿಯಲ್ಲಿ ಉಳಿಸಿ ಭೂಮಿ ಕೊಳ್ಳುವುದು ಸುಲಭದ ಮಾತೆ? ಆದುದರಿಂದ ಕನ್ನಡ ಶಾಲೆಯಲ್ಲಿ ಓದಿದ ಮಗನೋ ಮಗಳೋ ಬೇರೆ ಉದ್ಯೋಗಕ್ಕೆ ಹೊರಡುವಾಗ, ಮನೆಯಲ್ಲಿ ಇನ್ನಾರು ಕತ್ತಿ ಹಿಡಿಯುವರೆಂಬ ಪ್ರಶ್ನೆಯೂ ಏಳುತ್ತದೆ. ಹಡಗಿನಲ್ಲಿ ಬಂದ ತಲೆಮಾರು ಈಗ ನಿವೃತ್ತವಾಗಿದೆ. ದೇಶವನ್ನು ಕೊಟ್ಟ ಒಪ್ಪಂದದಲ್ಲಿ ಅವರಿಗೆ ಐದು ಸೆಂಟ್ಸು ಜಾಗದ ಮಾತಿರಲಿಲ್ಲ.