ಪೂರ್ಣ ಸಂಖ್ಯೆ, ಪೂರ್ಣಾಂಕ: ಎರಡೂ ಒಂದೇನಾ?

ಹೇಳಿಕೆ: ‘ಪೂರ್ಣ ಸಂಖ್ಯೆ’ ಮತ್ತು ‘ಪೂರ್ಣಾಂಕ’ ಒಂದೇ ಅರ್ಥದ ಎರಡು ಪದಗಳು.

ಉತ್ತರ: ತಪ್ಪು. ಎಲ್ಲಾ ಪೂರ್ಣ ಸಂಖ್ಯೆಗಳೂ ಪೂರ್ಣಾಂಕಗಳೇ. ಆದರೆ ಎಲ್ಲಾ ಪೂರ್ಣಾಂಕಗಳೂ ಪೂರ್ಣ ಸಂಖ್ಯೆಗಳಲ್ಲ.

ಗೊಂದಲ ಯಾಕೆ?

ಮಾತಿನಲ್ಲಿ ನಾವು ‘ಸಂಖ್ಯೆ’, ‘ಅಂಕ’ ಎರಡನ್ನೂ ಒಂದೇ ಅರ್ಥದಲ್ಲಿ ಬಳಸುತ್ತೇವೆ. ಶಾಲಾ ಪುಸ್ತಕದಲ್ಲಿ ಹಾಗಲ್ಲ. ‘−7 ಪೂರ್ಣ ಸಂಖ್ಯೆಯೇ?’ ಎಂಬ ಪ್ರಶ್ನೆಯಲ್ಲಿ ಮಕ್ಕಳು ಮಾರ್ಕ್ಸ್ ಕಳೆದುಕೊಳ್ಳುವುದು ಇಲ್ಲೇ.

ಕೆರೆಯ ಲೆಕ್ಕ

ಹಾವೇರಿ ಜಿಲ್ಲೆಯ ಮಾಸೂರು ಬಳಿಯ ಮದಗದ ಕೆರೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಿ.

• ಸ್ವಾಭಾವಿಕ ಸಂಖ್ಯೆಗಳು: ಕೆರೆ ನೋಡಲು ಬಂದವರನ್ನು ಎಣಿಸಿ. 1, 2, 3...
• ಪೂರ್ಣ ಸಂಖ್ಯೆಗಳು: ಯಾರೂ ಬರದ ದಿನ 0 ಎಂದು ಬರೆಯಬೇಕು. ಹೀಗೆ 0, 1, 2, 3...
• ಪೂರ್ಣಾಂಕಗಳು: ಕೋಡಿಯ ಮಟ್ಟವನ್ನು 0 ಎಂದುಕೊಳ್ಳಿ. ನೀರು 3 ಅಡಿ ಕೆಳಗಿದ್ದರೆ −3, ಕೋಡಿಯ ಮೇಲೆ 1 ಅಡಿ ಹರಿದರೆ +1. ...−3, −2, −1, 0, 1, 2...
• ಭಾಗಲಬ್ಧ ಸಂಖ್ಯೆಗಳು: ನೀರು ಎರಡೂವರೆ ಅಡಿ ಕೆಳಗಿದ್ದರೆ −5/2. ಪೂರ್ಣಾಂಕ 4 ಕೂಡ 4/1 ಆಗುವುದರಿಂದ ಇದೇ ಗುಂಪಿಗೆ ಸೇರುತ್ತದೆ.

ಭಿನ್ನರಾಶಿಯಾಗಿ ಬರೆಯಲಾಗದ √2, π ಮುಂತಾದವು ಅಭಾಗಲಬ್ಧ. (22/7 ಎಂಬುದು π ಬೆಲೆಗೆ ಹತ್ತಿರದ ಸಂಖ್ಯೆ ಅಷ್ಟೇ, π ಅಲ್ಲ.) ಭಾಗಲಬ್ಧ, ಅಭಾಗಲಬ್ಧ ಎರಡೂ ಸೇರಿದರೆ ವಾಸ್ತವ ಸಂಖ್ಯೆಗಳು.

ಗುಂಪು ದೊಡ್ಡದಾಗುವುದೇಕೆ?

3−5 ಎಂಬ ಲೆಕ್ಕಕ್ಕೆ ಪೂರ್ಣ ಸಂಖ್ಯೆಗಳಲ್ಲಿ ಉತ್ತರವಿಲ್ಲ, ಪೂರ್ಣಾಂಕಗಳಲ್ಲಿ ಇದೆ. 3÷2ಕ್ಕೆ ಪೂರ್ಣಾಂಕಗಳಲ್ಲಿ ಉತ್ತರವಿಲ್ಲ, ಭಾಗಲಬ್ಧಗಳಲ್ಲಿ ಇದೆ. ಋಣ ಸಂಖ್ಯೆ ಮತ್ತು ಸೊನ್ನೆಯ ಲೆಕ್ಕಕ್ಕೆ ಬ್ರಹ್ಮಗುಪ್ತ 628ರಲ್ಲೇ ನಿಯಮ ಬರೆದಿದ್ದ. ‘ಋಣ’ ಎಂದರೆ ಸಾಲ. ಕಿರಾಣಿ ಅಂಗಡಿಯ ಉದ್ರಿಯೂ ಋಣ ಸಂಖ್ಯೆಯೇ!

ಸೊನ್ನೆಯಿಂದ ಭಾಗಿಸಬಹುದೇ?

ಇಲ್ಲ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದರು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಎಂದು ಅದರಲ್ಲಿದೆ. ತಾಳೆ ನೋಡಿ: 5÷0 = 5 ಆಗಿದ್ದರೆ 5×0 ಕೂಡ 5 ಆಗಬೇಕಿತ್ತು; ಆದರೆ ಅದು 0. ಹಾಗಾಗಿಯೇ ಭಾಗಲಬ್ಧ ಸಂಖ್ಯೆಯ ಛೇದದಲ್ಲಿ ಸೊನ್ನೆ ಬರುವಂತಿಲ್ಲ. ಹೇಳಿದವರು ಎಷ್ಟೇ ದೊಡ್ಡವರಾದರೂ ಲೆಕ್ಕ ತಾಳೆಯಾಗಬೇಕು.

ನೆನಪಿಡಿ: ಸ್ವಾಭಾವಿಕ → ಪೂರ್ಣ ಸಂಖ್ಯೆ → ಪೂರ್ಣಾಂಕ → ಭಾಗಲಬ್ಧ → ವಾಸ್ತವ. ಚಿಕ್ಕ ಡಬ್ಬಿ ದೊಡ್ಡ ಡಬ್ಬಿಯೊಳಗೆ ಕೂರುತ್ತದೆ. ದೊಡ್ಡದು ಚಿಕ್ಕದರೊಳಗೆ ಕೂರುವುದಿಲ್ಲ.