ಬಿಡುಗಡೆ ಪತ್ರದ ಒಂದು ಪದ: ಸೈನಿಕನ ಮಾನ ಮತ್ತು ಪಾವಗಡ ಸೀಮೆಯ ಜನಪದ ದೃಷ್ಟಿ

ಸೈನ್ಯದಿಂದ ಹೊರಬಂದ ಮನುಷ್ಯನ ಬಾಳನ್ನು ಅವನು ಮಾಡಿದ ಯುದ್ಧಗಳಿಗಿಂತ ಹೆಚ್ಚಾಗಿ ಅವನ ಬಿಡುಗಡೆ ಪತ್ರದಲ್ಲಿ ಬರೆದ ಒಂದು ಪದ ನಿರ್ಧರಿಸುತ್ತದೆ. ಆ ಪದವನ್ನು ತಿದ್ದಿಸಿಕೊಳ್ಳಲು ಸೈನಿಕರು ನಡೆಸಿದ ಹೋರಾಟಕ್ಕೆ ತನ್ನದೇ ಆದ ಚರಿತ್ರೆಯಿದೆ. ಸೇನಾ ಇತಿಹಾಸಕಾರರು ರಣರಂಗವನ್ನು ವಿವರಿಸುತ್ತಾರೆ. ಕಾನೂನು ಪಂಡಿತರು ತೀರ್ಪುಗಳನ್ನು ವಿಶ್ಲೇಷಿಸುತ್ತಾರೆ. ಆದರೆ ಆ ಪದ ಊರಿಗೆ ಬಂದ ಮೇಲೆ ಏನಾಗುತ್ತದೆ ಎಂಬುದು ಜಾನಪದ ಅಧ್ಯಯನಕ್ಕೆ ಸೇರಿದ ಪ್ರಶ್ನೆ. ಪಾವಗಡ ಸೀಮೆಯಲ್ಲಿ ನಡೆಸಿದ ಕ್ಷೇತ್ರಕಾರ್ಯದ ಹಿನ್ನೆಲೆಯಲ್ಲಿ ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಒಂದು ಕ್ಷೇತ್ರಾನುಭವ

ಸಂಶೋಧನ ವಿದ್ಯಾರ್ಥಿಯಾಗಿ ಪಾವಗಡ ತಾಲ್ಲೂಕಿನ ವೀರಗಲ್ಲುಗಳ ಆರಾಧನೆಯನ್ನು ಕುರಿತು ಮಾಹಿತಿ ಸಂಗ್ರಹಿಸುತ್ತಿದ್ದ ದಿನಗಳವು. ಆಂಧ್ರದ ಗಡಿಗೆ ಅಂಟಿಕೊಂಡ ಒಂದು ಹಳ್ಳಿಯಲ್ಲಿ ನನಗೆ ಕಲ್ಲುಗಳನ್ನು ತೋರಿಸಲು ಬಂದವರು ಒಬ್ಬ ಮಾಜಿ ಸೈನಿಕರು. ಕೆಲಸ ಮುಗಿದ ಮೇಲೆ ಮನೆಗೆ ಕರೆದೊಯ್ದು, ಕಬ್ಬಿಣದ ಪೆಟ್ಟಿಗೆಯಿಂದ ಮಡಿಕೆ ಹರಿಯತೊಡಗಿದ್ದ ಕಾಗದವೊಂದನ್ನು ತೆಗೆದರು. ಹನ್ನೆರಡು ವರ್ಷಕ್ಕೆ ಮೇಲ್ಪಟ್ಟ ಸೇವೆ, ಅನಂತರ ಬಿಡುಗಡೆ. ಕಾರಣದ ಕಡೆ ‘ಸೇವೆ ಇನ್ನು ಅಗತ್ಯವಿಲ್ಲ’ ಎಂಬರ್ಥದ ಇಂಗ್ಲಿಷ್ ಒಕ್ಕಣೆ. ಕನ್ನಡದ ಪ್ರತಿಯನ್ನು ಕೊಟ್ಟಿದ್ದರೋ, ಕೊಟ್ಟದ್ದು ಕಳೆದುಹೋಯಿತೋ ಅವರಿಗೆ ನೆನಪಿರಲಿಲ್ಲ. “ಏನ್ ತಪ್ಪು ಮಾಡ್ದೆ ಅಂತ ಇದ್ರಾಗೆ ಬರ್ದಿಲ್ಲ ಸಾರ್. ಬ್ಯಾಡ ಅಂತ ಬರ್ದವ್ರೆ, ಅಷ್ಟೆ” ಎಂದರು. ಮಗಳ ಸಂಬಂಧ ನೋಡಲು ಬಂದವರು ಮೊದಲು ಕೇಳಿದ್ದು ಪಿಂಚಣಿ ಬರುತ್ತದೆಯೇ ಎಂದು. ಬರುವುದಿಲ್ಲ ಎಂದಾಗ ಎರಡನೆಯ ಪ್ರಶ್ನೆಯನ್ನು ಅವರು ಬಾಯಿಬಿಟ್ಟು ಕೇಳಲಿಲ್ಲ. ಕೇಳದೆ ಹೋದ ಆ ಪ್ರಶ್ನೆಯೇ ತಮ್ಮನ್ನು ಹೆಚ್ಚು ಕಾಡಿತು ಎಂದು ಅವರು ಹೇಳಿದರು.

ಕಾನೂನು ಸೇವೆಯ ಮುಕ್ತಾಯದಲ್ಲಿ ವಜಾ, ತೆಗೆದುಹಾಕುವಿಕೆ, ಬಿಡುಗಡೆ, ನಿವೃತ್ತಿ ಎಂಬ ಸೂಕ್ಷ್ಮ ಭೇದಗಳನ್ನು ಗುರುತಿಸುತ್ತದೆ. ಆ ಹಳ್ಳಿಯಲ್ಲಿ ನಾನು ಕೇಳಿದ ವರ್ಗೀಕರಣ ಇನ್ನೂ ಸರಳವಾದುದು. ‘ಪಿಂಚಣಿ ತಗಂಡು ಬಂದವನು’ ಒಬ್ಬ. ‘ತೆಗೆದುಹಾಕಿಸಿಕೊಂಡು ಬಂದವನು’ ಇನ್ನೊಬ್ಬ. ಇವರಿಬ್ಬರ ನಡುವೆ ಮೂರನೆಯವನಿಗೆ ಜಾಗವಿಲ್ಲ. ವಜಾ ಆಗದೆ ಕೇವಲ ಬಿಡುಗಡೆ ಹೊಂದಿದವನೂ ಪಿಂಚಣಿಯಿಲ್ಲದ ಕಾರಣಕ್ಕೆ ಎರಡನೆಯ ಗುಂಪಿಗೇ ಸೇರುತ್ತಾನೆ. ಹಣದ ಪ್ರಶ್ನೆಯಾಗಿ ಕಾಣುವ ಪಿಂಚಣಿ ಊರಿನಲ್ಲಿ ನಡತೆಯ ಪ್ರಮಾಣಪತ್ರವಾಗಿ ಕೆಲಸ ಮಾಡುತ್ತದೆ ಎಂಬುದು ಇಲ್ಲಿ ಗಮನಾರ್ಹ.

ಕಲ್ಲಿನ ಬರಹ

ಪಾವಗಡ, ಮಧುಗಿರಿ, ಸಿರಾ ಪ್ರದೇಶ ಕೋಟೆಗಳ ನಾಡು. ನಿಡುಗಲ್ಲಿನ ಚೋಳರು, ಅನಂತರದ ಪಾಳೆಯಗಾರರು, ಸಿರಾದ ಮೊಗಲ್ ಸುಬೇದಾರರು, ಹೈದರ್ ಮತ್ತು ಟಿಪ್ಪು ಇವರೆಲ್ಲರಿಗೂ ಇಲ್ಲಿ ಕಾಲಾಳುಗಳು ಬೇಕಾಗಿದ್ದರು. ಆ ಕಾಲಾಳುಗಳ ಚರಿತ್ರೆಯ ಹಳೆಯ ಆಕರ ವೀರಗಲ್ಲು. ತುಮಕೂರು ಜಿಲ್ಲೆಯ ಶಾಸನಗಳು 1904ರಲ್ಲಿಯೇ ‘ಎಪಿಗ್ರಾಫಿಯ ಕರ್ನಾಟಿಕ’ದ 12ನೆಯ ಸಂಪುಟದಲ್ಲಿ ಪ್ರಕಟವಾದವು. ಬರಹವುಳ್ಳ ವೀರಗಲ್ಲು ಸಾಮಾನ್ಯವಾಗಿ ಯಾರ ಆಳ್ವಿಕೆಯಲ್ಲಿ, ಯಾವ ಕಾರಣಕ್ಕೆ ವೀರ ಮಡಿದನೆಂಬುದನ್ನು ತಿಳಿಸುತ್ತದೆ. ತುರುಗೊಳ್, ಊರಳಿವು, ಪೆಣ್ಬುಯ್ಯಲ್ ಎಂಬ ಪದಗಳು ಆ ಕಾರಣಗಳ ಹೆಸರುಗಳೇ. ಮಡಿದವನ ಮನೆತನಕ್ಕೆ ನೆತ್ತರುಗೊಡಗೆಯಾಗಿ ಭೂಮಿ ಬಿಟ್ಟ ಉಲ್ಲೇಖಗಳೂ ಕನ್ನಡ ಶಾಸನಗಳಲ್ಲಿ ಧಾರಾಳವಾಗಿವೆ. ಇದನ್ನು ಅಂದಿನ ಕುಟುಂಬ ಪಿಂಚಣಿ ಎಂದು ಕರೆದರೆ ಹೆಚ್ಚು ತಪ್ಪಾಗದು.

ಈ ಬರಹಕ್ಕೆ ಮೂರು ಗುಣಗಳಿವೆ. ಅದು ಊರ ನಡುವೆ ನಿಂತಿರುವುದರಿಂದ ಬಹಿರಂಗವಾದುದು, ಊರವರ ನುಡಿಯಲ್ಲಿದೆ, ಕಾರಣವನ್ನು ಸ್ಪಷ್ಟವಾಗಿ ಹೇಳುತ್ತದೆ. ಅಕ್ಷರ ಸವೆದುಹೋದ ಕಲ್ಲಿಗೂ ಶಿಲ್ಪವಿದೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ದೇವಸನ್ನಿಧಿ. ಕಾಡುಗೊಲ್ಲರ ಈರಗಾರರಂಥ ಆರಾಧನೆಗಳಲ್ಲಿ ಕಲ್ಲಿನ ವೀರ ಕುಲದ ದೈವವೂ ಆಗುತ್ತಾನೆ.

ಆದರೆ ಈ ಪರಂಪರೆಯನ್ನು ಕೊಂಡಾಡುವಾಗ ಅದರ ಮಿತಿಯನ್ನೂ ಹೇಳಬೇಕು. ವೀರಗಲ್ಲು ಸತ್ತವನಿಗೆ ಮಾತ್ರ. ಕಾಳಗದಿಂದ ಜೀವಂತವಾಗಿ ಮರಳಿದವನಿಗೆ, ಅದರಲ್ಲಿಯೂ ಒಡೆಯನ ಅವಕೃಪೆಗೆ ಗುರಿಯಾಗಿ ಬಂದವನಿಗೆ ಕಲ್ಲಿಲ್ಲ. ಕಲ್ಲಿನ ತೀರ್ಪಿಗೆ ಮೇಲ್ಮನವಿಯೂ ಇಲ್ಲ. ತಿದ್ದಿಸಿಕೊಳ್ಳುವ ಅವಕಾಶ ಕಾಗದದ ಕಾಲಕ್ಕೆ ಬಂದದ್ದು.

ಕೆಂಪುಕೋಟೆಯ ತೀರ್ಪು

ಸೈನಿಕನ ಪತ್ರದ ಮೇಲಿನ ಪದ ಇಡೀ ದೇಶದ ಪ್ರಶ್ನೆಯಾದದ್ದು ಆಜಾದ್ ಹಿಂದ್ ಫೌಜಿನ ಸಂದರ್ಭದಲ್ಲಿ. 1942ರ ಫೆಬ್ರವರಿ 15ರಂದು ಸಿಂಗಪುರ ಜಪಾನೀಯರ ವಶವಾದಾಗ ಶರಣಾದ ಪಡೆಗಳಲ್ಲಿ ಮೈಸೂರು ಸಂಸ್ಥಾನದ ಒಂದನೆಯ ಪದಾತಿ ದಳವೂ ಇತ್ತು. ಪಾವಗಡ ಆಗ ಅದೇ ಸಂಸ್ಥಾನದ ತಾಲ್ಲೂಕು. ಈ ದಳವೇ ಸ್ವಾತಂತ್ರ್ಯಾನಂತರ ಮದ್ರಾಸ್ ರೆಜಿಮೆಂಟಿನ 18ನೆಯ ಬೆಟಾಲಿಯನ್ ಆಯಿತು. ಎರಡು ದಿನಗಳ ತರುವಾಯ ಫಾರರ್ ಪಾರ್ಕಿನಲ್ಲಿ ಭಾರತೀಯ ಯುದ್ಧಕೈದಿಗಳನ್ನು ಜಪಾನೀಯರಿಗೆ ಒಪ್ಪಿಸಲಾಯಿತು. ಕೈದಿಯಾಗಿ ಉಳಿಯುವುದೇ, ಹೊಸ ಫೌಜನ್ನು ಸೇರುವುದೇ ಎಂಬ ಆಯ್ಕೆ ಮುಂದೆ ಸಾವಿರಾರು ಮಂದಿಯ ಪಾಲಿಗೆ ಬಂತು.

ಯುದ್ಧ ಮುಗಿದ ಮೇಲೆ ಬ್ರಿಟಿಷ್ ಅಧಿಕಾರಿಗಳು ಇವರನ್ನು ಬಿಳಿ, ಬೂದು, ಕಪ್ಪು ಎಂದು ಮೂರು ಬಣ್ಣಗಳಲ್ಲಿ ವಿಂಗಡಿಸಿದರು. ನಿಷ್ಠೆ ಬದಲಿಸದವರು ಬಿಳಿ. ಒತ್ತಡಕ್ಕೆ ಸಿಲುಕಿದರೆಂದು ಭಾವಿಸಲಾದವರು ಬೂದು. ಮನಃಪೂರ್ವಕವಾಗಿ ಸೇರಿದರೆಂದು ನಿರ್ಧರಿಸಲಾದವರು ಕಪ್ಪು. ಕಪ್ಪು ಪಟ್ಟಿಗೆ ಸೇರಿದವರ ಪಾಲಿಗೆ ವಜಾ ಮತ್ತು ಬಾಕಿ ಸಂಬಳದ ಮುಟ್ಟುಗೋಲು ಕಾದಿದ್ದವು. ಒಬ್ಬ ಮನುಷ್ಯನ ಮೂರು ವರ್ಷಗಳ ಕಷ್ಟ, ಭಯ, ದೇಶಾಭಿಮಾನ ಎಲ್ಲವೂ ಒಂದು ಬಣ್ಣದ ಹೆಸರಿನಲ್ಲಿ ಅಡಗಿದವು.

ದೆಹಲಿಯ ಕೆಂಪುಕೋಟೆಯಲ್ಲಿ 1945ರ ನವೆಂಬರ್ 5ರಂದು ಶಾ ನವಾಜ್ ಖಾನ್, ಪ್ರೇಮ್ ಕುಮಾರ್ ಸಹಗಲ್ ಮತ್ತು ಗುರ್‌ಬಕ್ಷ್ ಸಿಂಗ್ ಧಿಲ್ಲೋನ್ ಅವರ ವಿಚಾರಣೆ ಆರಂಭವಾಯಿತು. ಭೂಲಾಭಾಯಿ ದೇಸಾಯಿ ಅವರ ಪರ ವಾದಿಸಿದರು. ಸೇನಾ ನ್ಯಾಯಾಲಯ ವಿಧಿಸಿದ್ದು ಜೀವಾವಧಿ ಗಡೀಪಾರು, ಸೇವೆಯಿಂದ ವಜಾ ಮತ್ತು ಬಾಕಿ ವೇತನ ಭತ್ಯೆಗಳ ಮುಟ್ಟುಗೋಲು. 1946ರ ಜನವರಿ 3ರಂದು ದಂಡನಾಯಕ ಆಕಿನ್‌ಲೆಕ್ ಗಡೀಪಾರನ್ನು ಮನ್ನಾ ಮಾಡಿದರು. ವಜಾ ಮತ್ತು ಮುಟ್ಟುಗೋಲನ್ನು ಕಾಯಂಗೊಳಿಸಿದರು. ದೇಶವೆಲ್ಲ ಬಿಡುಗಡೆಯನ್ನು ಸಂಭ್ರಮಿಸಿತು. ಆದರೆ ಆ ಆದೇಶದ ರಚನೆಯನ್ನು ಗಮನಿಸಬೇಕು. ಪ್ರಭುತ್ವ ಶಿಕ್ಷೆಯನ್ನು ಬಿಟ್ಟಿತು, ಪದವನ್ನು ಬಿಡಲಿಲ್ಲ.

ಸ್ವತಂತ್ರ ಭಾರತವೂ ಫೌಜಿನವರನ್ನು ಸೇನೆಗೆ ಮರಳಿ ಸೇರಿಸಿಕೊಳ್ಳದಿರುವ ನೀತಿಯನ್ನೇ ಅನುಸರಿಸಿತು. ಗೌರವ ಬೇರೆ ದಾರಿಯಿಂದ ಬಂತು. ಸ್ವಾತಂತ್ರ್ಯದ ಬೆಳ್ಳಿಹಬ್ಬದ ವರ್ಷವಾದ 1972ರಲ್ಲಿ ಕೇಂದ್ರ ಸರ್ಕಾರ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಯೋಜನೆಯನ್ನು ಜಾರಿಗೆ ತಂದಾಗ ಆಜಾದ್ ಹಿಂದ್ ಫೌಜಿನವರೂ ಅದರ ವ್ಯಾಪ್ತಿಗೆ ಬಂದರು. ಅದೇ ವರ್ಷ ಹೋರಾಟಗಾರರಿಗೆ ತಾಮ್ರಪತ್ರ ನೀಡಲಾಯಿತು. 1980ರಲ್ಲಿ ಯೋಜನೆಗೆ ‘ಸ್ವತಂತ್ರತಾ ಸೈನಿಕ ಸಮ್ಮಾನ್’ ಎಂಬ ಹೆಸರು ಬಂತು. ವರಮಾನದ ಮಿತಿ ತೆಗೆದುಹೋಯಿತು. ನೆರವು ಎಂದು ಆರಂಭವಾದದ್ದು ಸಮ್ಮಾನವಾಯಿತು. ಸೇನೆಯ ಕಾಗದದಲ್ಲಿ ವಜಾ ಆಗಿದ್ದ ಧಿಲ್ಲೋನ್ ಅವರಿಗೆ 1998ರಲ್ಲಿ ಪದ್ಮಭೂಷಣ ಸಂದಿತು. ಶಾಸನ ಪರಂಪರೆಯನ್ನು ಬಲ್ಲವರಿಗೆ ತಾಮ್ರದ ಆಯ್ಕೆ ಆಕಸ್ಮಿಕವಾಗಿ ತೋರದು. ಕಾಗದದಲ್ಲಿ ಕಳೆದ ಮಾನವನ್ನು ಮರಳಿಸಲು ಪ್ರಭುತ್ವ ಹಳೆಯ ದಾನಶಾಸನದ ಲೋಹವನ್ನೇ ಹುಡುಕಿಕೊಂಡಿತು.

ಇದು ಭಾರತದ ವಿಶೇಷವಷ್ಟೇ ಅಲ್ಲ. ಮೊದಲ ಮಹಾಯುದ್ಧದಲ್ಲಿ ಓಡಿಹೋದರೆಂದೋ ಹೇಡಿತನ ತೋರಿದರೆಂದೋ ಗುಂಡಿಗೆ ಬಲಿಯಾದ 306 ಸೈನಿಕರಿಗೆ ಬ್ರಿಟನ್ 2006ರ ಕಾಯಿದೆಯಲ್ಲಿ ಕ್ಷಮೆ ನೀಡಿತು. ಆದರೆ ಆ ಕ್ಷಮೆಯಿಂದ ಅಪರಾಧ ನಿರ್ಣಯವಾಗಲಿ ಶಿಕ್ಷೆಯಾಗಲಿ ಬದಲಾಗದು ಎಂದು ಅದೇ ಕಾಯಿದೆ ಹೇಳಿತು. ಅಮೆರಿಕದಲ್ಲಿ ಮಾತ್ರ 1944ರ ಕಾಯಿದೆ ಪದವನ್ನೇ ಮರುಪರಿಶೀಲಿಸುವ ಮಂಡಳಿಗಳಿಗೆ ಅವಕಾಶ ಕಲ್ಪಿಸಿತು. ಬಿಡುಗಡೆ ಹೊಂದಿದವನು ತನ್ನ ಬಿಡುಗಡೆಯ ಸ್ವರೂಪವನ್ನು ಮೇಲ್ದರ್ಜೆಗೆ ಏರಿಸುವಂತೆ ಅಲ್ಲಿ 15 ವರ್ಷಗಳೊಳಗೆ ಅರ್ಜಿ ಸಲ್ಲಿಸಬಹುದು.

ಕೆಂಪು ಶಾಯಿಯ ನಮೂದು

ನಮ್ಮಲ್ಲಿ ಇಂದಿಗೂ ಅಡಿಪಾಯ 1950ರ ಸೇನಾ ಕಾಯಿದೆ ಮತ್ತು 1954ರ ಸೇನಾ ನಿಯಮಗಳು. ಸಿಪಾಯಿಯ ನಡತೆಯ ದಾಖಲೆಯಲ್ಲಿ ಗುರುತರ ಶಿಕ್ಷೆಗಳು ಕೆಂಪು ಶಾಯಿಯಲ್ಲಿ ಸೇರುತ್ತವೆ. ನಾಲ್ಕು ಕೆಂಪು ನಮೂದುಗಳಾದವನನ್ನು 13ನೆಯ ನಿಯಮದಡಿ ಮನೆಗೆ ಕಳುಹಿಸುವ ಪದ್ಧತಿ ಬೆಳೆದುಬಂತು. ಸಾಮಾನ್ಯ ಸಿಪಾಯಿಗೆ ಸೇವಾ ಪಿಂಚಣಿ ದೊರೆಯಲು 15 ವರ್ಷ ತುಂಬಬೇಕು. ಹನ್ನೆರಡು ಹದಿಮೂರನೆಯ ವರ್ಷದಲ್ಲಿ ಹೊರಬಿದ್ದವನು ದಡದ ಹತ್ತಿರ ಬಂದು ಮುಳುಗಿದವನಂತೆ. ವಜಾ ಆದವನ ಸ್ಥಿತಿ ಇನ್ನೂ ಕಠಿಣ. 1961ರ ಪಿಂಚಣಿ ನಿಯಮಾವಳಿಯ 113ನೆಯ ನಿಯಮ ಅವನ ಹಿಂದಿನ ಎಲ್ಲ ಸೇವೆಯ ಪಿಂಚಣಿಯನ್ನೂ ನಿರಾಕರಿಸಿ, ಅಪವಾದಕ್ಕೆ ರಾಷ್ಟ್ರಪತಿಯ ವಿವೇಚನೆಯೊಂದನ್ನು ಮಾತ್ರ ಉಳಿಸಿತ್ತು.

2015ರ ಅಕ್ಟೋಬರಿನಲ್ಲಿ ವೀರೇಂದ್ರ ಕುಮಾರ್ ದುಬೆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಪದ್ಧತಿಯನ್ನು ಪ್ರಶ್ನಿಸಿತು. ನಾಲ್ಕು ಕೆಂಪು ನಮೂದುಗಳಿವೆ ಎಂಬ ಎಣಿಕೆಯೊಂದೇ ಸಾಲದು. ಸೇನೆಯ 1988ರ ಸುತ್ತೋಲೆಯೇ ಹೇಳಿರುವಂತೆ ವಿಚಾರಣೆ ನಡೆಯಬೇಕು, ತಪ್ಪಿನ ಸ್ವರೂಪ, ಸೇವೆಯ ಅವಧಿ, ದುರ್ಗಮ ನೆಲೆಗಳಲ್ಲಿ ದುಡಿದದ್ದು ಇವನ್ನು ತೂಗಿನೋಡಬೇಕು ಎಂದಿತು. ಬಿಡುಗಡೆ ಆದೇಶವನ್ನು ರದ್ದುಗೊಳಿಸಿ, ಪಿಂಚಣಿಗೆ ಬೇಕಾದ ಅವಧಿ ಮುಗಿಯುವವರೆಗೂ ಆತ ಸೇವೆಯಲ್ಲಿದ್ದನೆಂದೇ ಪರಿಗಣಿಸಬೇಕೆಂದು ಆದೇಶಿಸಿತು. ಹಿಂಬಾಕಿ ಸಂಬಳ ಕೊಡಲಿಲ್ಲ. 1946ರ ಆದೇಶಕ್ಕೂ ಇದಕ್ಕೂ ಇರುವ ವ್ಯತ್ಯಾಸ ಮುಖ್ಯವಾದುದು. ಅಲ್ಲಿ ಶಿಕ್ಷೆ ಹೋಗಿ ಪದ ಉಳಿಯಿತು. ಇಲ್ಲಿ ಸಂಬಳ ಹೋಗಿ ಪದ ಬದಲಾಯಿತು. ‘ತೆಗೆದುಹಾಕಿಸಿಕೊಂಡು ಬಂದವನು’ ಒಂದು ತೀರ್ಪಿನಿಂದ ‘ಪಿಂಚಣಿ ತಗಂಡು ಬಂದವನು’ ಆದ.

2007ರ ಕಾಯಿದೆಯಂತೆ ರಚನೆಯಾಗಿ 2009ರಲ್ಲಿ ಕಾರ್ಯಾರಂಭ ಮಾಡಿದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇಂಥ ಅರ್ಜಿಗಳ ಇಂದಿನ ನೆಲೆ. ಸಾಮಾನ್ಯವಾಗಿ ಅಂತಿಮ ಆದೇಶದಿಂದ ಆರು ತಿಂಗಳೊಳಗೆ ಅಲ್ಲಿಗೆ ಹೋಗಬೇಕು. ಸಕಾರಣವಿದ್ದರೆ ವಿಳಂಬವನ್ನು ಮನ್ನಿಸುವ ಅಧಿಕಾರ ಮಂಡಳಿಗಿದೆ. ಆದರೆ ಏನನ್ನು ಪ್ರಶ್ನಿಸಬೇಕೆಂದು ತಿಳಿಯಲು ಮೊದಲು ಕಾಗದ ಅರ್ಥವಾಗಬೇಕು.

ಮರೆತ ಒಂದು ಕಲಮು

ಸೇನಾ ಕಾಯಿದೆಯ 23ನೆಯ ಕಲಮು ಕನ್ನಡ ವಿದ್ವಾಂಸರ ಗಮನಕ್ಕೆ ಬರಬೇಕಾದುದು. ಸೇವೆಯಿಂದ ಹೊರಹೋಗುವ ಪ್ರತಿಯೊಬ್ಬ ಸಿಪಾಯಿಗೂ, ಅವನು ವಜಾ ಆದವನೇ ಆಗಿರಲಿ, ಕಮಾಂಡಿಂಗ್ ಅಧಿಕಾರಿ ಒಂದು ಪ್ರಮಾಣಪತ್ರ ನೀಡಬೇಕು. ಅದು ಅವನ ಮಾತೃಭಾಷೆಯಲ್ಲಿಯೂ ಇಂಗ್ಲಿಷಿನಲ್ಲಿಯೂ ಇರಬೇಕು. ಸೇವೆಯನ್ನು ಮುಗಿಸಿದ ಅಧಿಕಾರ ಯಾವುದು, ಕಾರಣವೇನು, ಸೇವೆಯ ಪೂರ್ಣ ಅವಧಿ ಎಷ್ಟು ಎಂಬುದನ್ನು ಅದರಲ್ಲಿ ಹೇಳಬೇಕು. ಯಾರ ಆಳ್ವಿಕೆ, ಯಾವ ಕಾರಣ, ಊರವರ ನುಡಿ: ವೀರಗಲ್ಲಿನ ಲಕ್ಷಣಗಳನ್ನೇ ಆಧುನಿಕ ಕಾಯಿದೆ ಜೀವಂತ ಸೈನಿಕನಿಗಾಗಿ ಕೇಳುತ್ತಿದೆ. ಕಲ್ಲಿಗೆ ಇಲ್ಲದ ಒಂದು ಗುಣವೂ ಈ ಕಾಗದಕ್ಕಿದೆ. ಇದನ್ನು ತಿದ್ದಬಹುದು.

ಆದರೆ ‘ಅಗತ್ಯವಿಲ್ಲ’ ಎಂಬ ಒಕ್ಕಣೆ ಕಾರಣದ ಜಾಗದಲ್ಲಿ ಕುಳಿತಿದ್ದರೂ ಕಾರಣವನ್ನು ಹೇಳುವುದಿಲ್ಲ. ಹೇಳದ ಕಾರಣವನ್ನು ಊರು ತಾನೇ ಊಹಿಸಿ ತುಂಬುತ್ತದೆ. ಕುಡಿದಿರಬೇಕು, ಕದ್ದಿರಬೇಕು, ಓಡಿಬಂದಿರಬೇಕು ಎಂಬ ಮಾತುಗಳು ಹುಟ್ಟುವುದು ಆ ಖಾಲಿ ಜಾಗದಲ್ಲಿ. ರಜೆ ಮೀರಿದ ತಪ್ಪಿಗೂ ದ್ರೋಹದ ತಪ್ಪಿಗೂ ಅಂತರವನ್ನು ತೋರುವ ಬರಹವಿದ್ದರೆ ಊರಿನ ವರ್ಗೀಕರಣದಲ್ಲಿ ಮೂರನೆಯವನಿಗೂ ಜಾಗ ದೊರೆಯುತ್ತಿತ್ತು.

ನನಗೆ ಕಾಗದ ತೋರಿಸಿದ ಆ ಸೈನಿಕರು 2015ರ ತೀರ್ಪನ್ನು ಕಾಣಲಿಲ್ಲ. ಅದಕ್ಕೆ ಕೆಲವು ವರ್ಷ ಮುಂಚೆಯೇ ತೀರಿಕೊಂಡರು. ಅವರ ಪ್ರಕರಣದಲ್ಲಿ ನ್ಯಾಯ ಯಾವ ಕಡೆಗಿತ್ತೆಂದು ಹೇಳಲು ನಾನು ಅರ್ಹನಲ್ಲ. ಅವರು ತಪ್ಪು ಮಾಡಿಯೂ ಇರಬಹುದು. ಮಾಡಿದ್ದರೆ ಯಾವ ತಪ್ಪು ಎಂಬುದು ಅವರ ನುಡಿಯಲ್ಲಿ, ಅವರ ಕೈಯಲ್ಲಿ ಇರಬೇಕಾಗಿತ್ತು ಎಂಬುದಷ್ಟೇ ಇಲ್ಲಿನ ವಾದ. ನಾವು ಜಾನಪದ ಸಂಶೋಧಕರು ಪಾವಗಡದ ಬಯಲಿನಲ್ಲಿ ಸವೆದ ಕಲ್ಲುಗಳ ಅಕ್ಷರಗಳನ್ನು ಸುಣ್ಣ ಸವರಿ ಓದುತ್ತೇವೆ. ಅದೇ ಊರಿನ ಪೆಟ್ಟಿಗೆಗಳಲ್ಲಿರುವ ಬಿಡುಗಡೆ ಪತ್ರಗಳೂ ಈ ಸೀಮೆಯ ಸೈನಿಕ ಚರಿತ್ರೆಯ ಆಕರಗಳೇ. ಕುಟುಂಬದವರ ಒಪ್ಪಿಗೆಯಿಂದ ಅವನ್ನು, ಅವುಗಳ ಸುತ್ತ ಬೆಳೆದ ಮಾತುಗಳ ಸಮೇತ ಸಂಗ್ರಹಿಸುವ ಕೆಲಸ ಆಗಬೇಕಾಗಿದೆ. ಆ ಕಾಗದಗಳು ಕಲ್ಲಿನಷ್ಟು ಕಾಲ ಬಾಳುವುದಿಲ್ಲ.