ಕಟಗಿ ಗಾಡಿ ಅಂದ್ರ ಮೂರನೇ ಕೈ ಗಾಡಿ

ಕಟಗಿ ಹೇರಲಿಕ್ಕೆ ಅಂತ ಶೋರೂಮಿನಿಂದ ಹೊಸಾ ಟ್ರಕ್ ತಂದವರು ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಭಾಳ ಕಡಿಮಿ ನೋಡ್ರಿ. ಹೊಸಾ ಗಾಡಿ ಇರೋದು ಹತ್ತಿಗೆ, ಮೆಣಸಿನಕಾಯಿಗೆ, ಸಿಮೆಂಟಿಗೆ. ಅದು ಮುಂಬೈ, ಬೆಂಗಳೂರು ಅಂತ ಐದಾರು ವರ್ಷ ಓಡಿ, ದೂರದ ದಾರಿಗೆ ಇನ್ನ ನಂಬಲಿಕ್ಕೆ ಬರಂಗಿಲ್ಲ ಅಂತಾದ ಮ್ಯಾಲ ಎರಡನೇ ಕೈಗೆ ಹೋಗೋದು. ಅಲ್ಲೂ ಒಂದಿಷ್ಟು ವರ್ಷ ದುಡದು, ಬಾಡಿ ಸಡಲಾಗಿ, ಬಣ್ಣ ಹೋಗಿ, ಮೂರನೇ ಕೈಗೆ ಬರೋದು. ಮೂರನೇ ಕೈ ಅಂದ್ರ ಉಸುಕು, ಇಟ್ಟಂಗಿ, ಕಟಗಿ. ಮನಿ ಮುಂದ ಕಟಗಿ ಗಾಡಿ ಬಂದು ನಿಂತಾಗ ಹುಡುಗರು ಅದರ ಬಾಗಲದ ಮ್ಯಾಲ ಇನ್ನೂ ಅರ್ಧ ಉಳಿದಿರೋ ಹಳೇ ಮಾಲೀಕನ ಹೆಸರು ಓದ್ತಿದ್ರು.

ಇದು ಬಡತನದ ಮಾತಷ್ಟ ಅಲ್ಲ, ಲೆಕ್ಕದ ಮಾತು. ಒಂದು ಟ್ರಕ್ ಹತ್ತಿಯ ಕಿಮ್ಮತ್ತಿನ ಮುಂದ ಅದರ ಬಾಡಿಗಿ ಸಣ್ಣದು. ಒಂದು ಟ್ರಕ್ ಕಟಗಿಯೊಳಗ ಹಂಗಲ್ಲ. ಮಾಲು ಅಗ್ಗ, ಜಾಗಾ ಭಾಳ ತಿಂತದ, ವಜ್ಜಿ ಭಾಳ. ಊರಾಗ ಬಂದು ಇಳಿಯೋ ಹೊತ್ತಿಗೆ ಕಟಗಿ ದರದೊಳಗ ದೊಡ್ಡ ಪಾಲು ಸಾಗಾಣಿಕೀದ ಇರ್ತಿತ್ತು. ಹಂಗಿದ್ದಾಗ ಗಾಡಿ ಮ್ಯಾಲ ಜಾಸ್ತಿ ರೊಕ್ಕ ಸುರದ್ರ ಆ ರೊಕ್ಕ ಯಾವ ಕಡೆಯಿಂದ ವಾಪಸ್ ಬರಬೇಕು?

ಟ್ರಕ್ಕಿಗಿಂತ ಮೊದಲು ಚಕ್ಕಡಿ ಇತ್ತು. ಎತ್ತಿನ ಚಕ್ಕಡಿ ತಾಸಿಗೆ ಮೂರು-ನಾಲ್ಕು ಕಿಲೋಮೀಟರ್ ನಡೀತದ, ಅರ್ಧ ಟನ್ನೋ ಮುಕ್ಕಾಲು ಟನ್ನೋ ಹೊರತದ. ಬೆಳಿಗ್ಗೆ ಹೋಗಿ ಸಂಜಿಗೆ ಊರು ಸೇರಬೇಕಂದ್ರ 12 ಕಿಲೋಮೀಟರ್ ಆಚೆ ಹೋಗೋದು ಕಷ್ಟ. ಧಾರವಾಡಕ್ಕ ಪಶ್ಚಿಮದ ಕಡೆ ಆ ಅಂತರದೊಳಗ ಕುರಚಲು ಕಾಡು ಸಿಗ್ತಿತ್ತು. ಪೂರ್ವದ ಕಡೆ ನವಲಗುಂದ, ನರಗುಂದ ಎಲ್ಲಾ ಎರಿ ಭೂಮಿ. ಅಲ್ಲಿ ಗಿಡಾನೇ ಅಪರೂಪ, ಅವರ ಒಲಿ ನಡೀತಿದ್ದದ್ದು ಕುಳ್ಳಿನ ಮ್ಯಾಲ, ಹತ್ತಿ ಕಟಗಿ, ತೊಗರಿ ಕಟಗಿ ಮ್ಯಾಲ.

ಈಗ ಇಲ್ಲೊಂದು ಸಾದಾ ಗಣಿತ ಮಾಡೋಣು. ಊರನ್ನ ನಡುವ ಇಟ್ಟು 12 ಕಿಲೋಮೀಟರಿನ ವರ್ತುಲ ಬರದ್ರ ಒಳಗ ಬರೋದು ಸುಮಾರು 450 ಚದರ ಕಿಲೋಮೀಟರ್ ನೆಲ. ಟ್ರಕ್ಕು ಬಂದು ಆ ಅಂತರ 60 ಕಿಲೋಮೀಟರ್ ಆತು ಅಂತ ತಿಳೀರಿ. ದಾರಿ ಐದು ಪಟ್ಟು, ಆದ್ರ ನೆಲ 11,300 ಚದರ ಕಿಲೋಮೀಟರ್, ಅಂದ್ರ 25 ಪಟ್ಟು! ಹಳಿಯಾಳ, ಕಲಘಟಗಿ, ದಾಂಡೇಲಿ, ಯಲ್ಲಾಪುರದ ಕಡೆಯ ಕಾಡೆಲ್ಲಾ ಒಮ್ಮೆಲೆ ನಮ್ಮ ಒಲಿಗೆ ಹತ್ರ ಬಂತು. ಪ್ಯಾಟ್ಯಾಗ ಇದ್ದವರಿಗೆ ಇದು ಗೊತ್ತಾಗಲಿಲ್ಲ. ಚಕ್ಕಡಿ ಕಾಲದಾಗ ಊರ ಸುತ್ತಿನ ಗುಡ್ಡ ಬೋಳಾದ್ರ ಕಣ್ಣಿಗೆ ಕಾಣತಿತ್ತು, ಕಟಗಿ ದರಾನೂ ಏರ್ತಿತ್ತು. ಟ್ರಕ್ಕು ಬಂದ ಮ್ಯಾಲ ಬೋಳಾಗೋ ಗುಡ್ಡ ಕಣ್ಣಿಂದ ದೂರ ಹೋತು. ದರ ಮಾತ್ರ ಭಾಳ ವರ್ಷ ತಡಕೊಂಡು ನಿಂತಿತ್ತು. ನನ್ನ ಮಟ್ಟಿಗೆ ಕಟಗಿ ಟ್ರಕ್ಕಿನ ಇತಿಹಾಸದಾಗ ಇದಕ್ಕಿಂತ ದೊಡ್ಡ ಮಾತಿಲ್ಲ.

ಮೊದಲ ಮೊದಲ ಟ್ರಕ್ಕು ಪೆಟ್ರೋಲಿನವು. ಎರಡನೇ ಮಹಾಯುದ್ಧದಾಗ ಪೆಟ್ರೋಲಿಗೆ ರೇಶನ್ ಬಂತು. ಆವಾಗ ಬಸ್ಸು, ಲಾರಿಗಳ ಮೈಗೆ ಇದ್ದಲಿ ಉರಿಸೋ ದೊಡ್ಡ ಡಬ್ಬಿ ಕಟ್ಟಿದ್ರು. ಗ್ಯಾಸ್ ಪ್ಲಾಂಟ್ ಅಂತ ಅದಕ್ಕ ಹೆಸರು. ಇದ್ದಲಿ ಅರೆಬರೆ ಉರದು ಹೊಮ್ಮೋ ಗ್ಯಾಸಿನ ಮ್ಯಾಲ ಇಂಜಿನ್ ಓಡ್ತಿತ್ತು. ಕ್ಲೀನರ್ ಬೆಳಿಗ್ಗೆ ಎದ್ದು ತಿದಿ ತಿರುವಿ ತಿರುವಿ ಬೆಂಕಿ ಮಾಡಬೇಕು, ಆಮ್ಯಾಲ ಗಾಡಿ ಚಾಲೂ. ಏರು ಬಂದ್ರ ದಮ್ಮು ಕಟ್ಟತಿತ್ತು, ಮಂದಿ ಕೆಳಗಿಳದು ನೂಕತಿದ್ರು. ಹಳೇ ಪದ್ಧತಿಯ ಭಟ್ಟಿಯೊಳಗ ಒಂದು ಕಿಲೋ ಇದ್ದಲಿಗೆ ಐದಾರು ಕಿಲೋ ಕಟಗಿ ಬೇಕು. ಅಂದ್ರ ಕಟಗಿ ತರಲಿಕ್ಕೆ ಹೋದ ಗಾಡಿ ತಾನೂ ಕಟಗಿ ತಿಂದು ಬರ್ತಿತ್ತು.

ಯುದ್ಧ ಮುಗದ ಮ್ಯಾಲ ಅಮೆರಿಕದ ಸೈನ್ಯ ಬಿಟ್ಟು ಹೋದ ಗಾಡಿಗಳನ್ನ ಸರಕಾರ ಡಿಸ್ಪೋಜಲ್ ಅಂತ ಮಾರ್ತು. ಶೆವರ್ಲೆ, ಡಾಜ್, ಫೋರ್ಡ್, ಸ್ಟುಡಿಬೇಕರ್. ಕಟಗಿ ಧಂದೆಕ್ಕ ಹೇಳಿ ಮಾಡಿಸಿದಂಥಾ ಗಾಡಿ ಅವು. ರಸ್ತಾ ಇಲ್ಲದ ಕಡೆ ಹೋಗಲಿಕ್ಕಂತನ ಹುಟ್ಟಿದ್ವು, ನಾಕೂ ಗಾಲಿಗೆ ಎಳೆಯೋ ತಾಕತ್ತು ಇದ್ದವೂ ಇದ್ವು. ತೊಂದರಿ ಅಂದ್ರ ಪೆಟ್ರೋಲ್ ಗಟಗಟ ಕುಡೀತಿದ್ವು, ಬಿಡಿಭಾಗ ಮುಗದ ಮ್ಯಾಲ ಒಂದು ಗಾಡಿ ಬಿಚ್ಚಿ ಇನ್ನೊಂದನ್ನ ಬದುಕಸಬೇಕು.

1954ರಾಗ ಟೆಲ್ಕೋ ಕಂಪನಿ ಜರ್ಮನಿಯ ಡೈಮ್ಲರ್-ಬೆಂಝ್ ಜೋಡಿ ಕೂಡಿ ಜಮ್ಶೆಡ್‌ಪುರದಾಗ ಡೀಸೆಲ್ ಟ್ರಕ್ ಮಾಡಲಿಕ್ಕೆ ಶುರು ಮಾಡ್ತು. ಮುಂದ ಮೂರು ಮೂಲಿ ಚಿಕ್ಕಿ ಇರೋ ಆ ಗಾಡಿಗೆ ನಮ್ಮ ಮಂದಿ ‘ಬೆಂಝ್ ಗಾಡಿ’ ಅಂದ್ರು. 1969ಕ್ಕ ಒಪ್ಪಂದ ಮುಗದು ಚಿಕ್ಕಿ ಹೋತು, ಟಾಟಾದ ‘ಟಿ’ ಬಂತು. ಹೆಸರು ಮಾತ್ರ ಬಾಯಾಗ ಉಳೀತು. ಇತ್ತ ಮದ್ರಾಸಿನಾಗ 1948ರಾಗ ಶುರುವಾದ ಅಶೋಕ್ ಮೋಟರ್ಸ್ ಕಾಮೆಟ್ ಗಾಡಿ ತಂತು, 1955ರಾಗ ಅಶೋಕ್ ಲೇಲ್ಯಾಂಡ್ ಆತು. ಬೆಂಝೋ ಲೇಲ್ಯಾಂಡೋ ಅಂತ ಚಾದಂಗಡಿಯೊಳಗ ನಡದ ವಾದಕ್ಕ ಲೆಕ್ಕ ಇಲ್ಲ. ಲೇಲ್ಯಾಂಡ್ ಇಂಜಿನ್ ಗಟ್ಟಿ ಅಂತ ಒಬ್ರು, ಟಾಟಾ ಕೆಟ್ಟರ ಯಾವ ಹಳ್ಳಿಯೊಳಗೂ ರಿಪೇರಿ ಆಗ್ತದ ಅಂತ ಇನ್ನೊಬ್ರು. ಕಟಗಿಯವರು ಎರಡನೇ ಮಾತಿಗೇ ತೂಗಿದ್ರು. ಹಳಿಯಾಳದ ಆಚೆ ಕಾಡಿನಾಗ ಆ್ಯಕ್ಸಲ್ ಮುರದ್ರ ಕಂಪನಿ ಹೆಸರು ತಗೊಂಡು ಏನ್ ಮಾಡೋದು, ಸಂಜಿಯೊಳಗ ಬ್ಯಾರೆ ಆ್ಯಕ್ಸಲ್ ಸಿಗಬೇಕು.

ಆ ಕಾಲದಾಗ ಕಂಪನಿ ಕೊಡ್ತಿದ್ದದ್ದು ಬರೇ ಚಾಸಿ, ಇಂಜಿನ್ನು, ಮುಂದಿನ ಮೂತಿ. ಕ್ಯಾಬಿನ್ನು, ಹಿಂದಿನ ಬಾಡಿ ಎಲ್ಲಾ ನಮ್ಮ ಊರಿನ ಬಡಗ್ಯಾರ ಕೈಯಾಗ ಆಗಬೇಕು. ಗಟ್ಟಿ ಹಲಿಗಿ, ಕಬ್ಬಿಣದ ಪಟ್ಟಿ, ಬೋಲ್ಟು. ಹಂಗಾಗಿ ಕಟಗಿ ಗಾಡಿಯೊಳಗ ಅರ್ಧ ಗಾಡೀನ ಕಟಗಿ.

ಇನ್ನ ಅಳತಿಗೆ ಬರೋಣು. ಈ ಧಂದೆದ ಲಾಭ-ಲುಕ್ಸಾನು ಕೂತಿದ್ದದ್ದು ಇಲ್ಲೇ. ಕಾಡಿನಾಗ ಕಟಗಿ ಮಾರೋದು ಒಟ್ಟಿದ ರಾಶಿಯ ಅಳತಿ ಮ್ಯಾಲ, ಇಷ್ಟು ಉದ್ದ, ಇಷ್ಟು ಅಗಲ, ಇಷ್ಟು ಎತ್ತರ ಅಂತ. ಊರಿನ ಅಡ್ಡೆಯೊಳಗ ಮಾರೋದು ತೂಕದ ಮ್ಯಾಲ, ಮೊದಲು ಮಣದ ಲೆಕ್ಕ, 1960ರ ಆಸುಪಾಸು ಮೆಟ್ರಿಕ್ ಬಂದ ಮ್ಯಾಲ ಕಿಲೋ-ಕ್ವಿಂಟಲ್. ಈಗಷ್ಟ ಕಡದ ಹಸಿ ಕಟಗಿಯ ತೂಕದಾಗ ಅರ್ಧದ ತನಕ ನೀರು ಇರ್ತದ. ರಾಶಿ ಒಣಗಿದ್ರೂ ಅಳತಿ ಹೆಚ್ಚುಕಡಿಮಿ ಅಷ್ಟ, ತೂಕ ಮಾತ್ರ ಇಳೀತದ. ಹಂಗಾದ್ರ ಅಡ್ಡೆಯವನಿಗೆ ಯಾವುದು ಬೇಕು? ಹಸೀದು. ಒಲಿ ಮುಂದ ಕೂತು ಹೊಗಿ ಕುಡಿಯೋ ಹೆಣ್ಣುಮಕ್ಕಳಿಗೆ ಯಾವುದು ಬೇಕು? ಒಣಗಿದ್ದು. ನಡುವ ಟ್ರಕ್ಕಿನವ.

ಟಾಟಾ 1210 ಗಾಡಿ ತಗೋರಿ. ಹೆಸರಿನಾಗೇ ಅದರ ಜಾತಕ ಅದ: ಮೊದಲಿನ 12 ಅಂದ್ರ ಮಾಲು ಸಮೇತ ಒಟ್ಟು 12 ಟನ್, ಹಿಂದಿನ 10 ಅಂದ್ರ ಸುಮಾರು 100 ಕುದುರಿ ಶಕ್ತಿ. ಗಾಡಿಯ ಸ್ವಂತ ತೂಕ ಕಳದ್ರ ಮಾಲು 7–8 ಟನ್. ಹಿಂದಿನ ಬಾಡಿ 17 ಅಡಿ ಉದ್ದ, 7 ಅಡಿ ಅಗಲ ಅಂತ ಹಿಡದು, 5 ಅಡಿ ಎತ್ತರಕ್ಕ ಒಣ ಕಟಗಿ ಒಟ್ಟಿದ್ರ ಹೆಚ್ಚುಕಡಿಮಿ ಅಷ್ಟ 8 ಟನ್ ಆಗ್ತದ. ಅದೇ ಎತ್ತರಕ್ಕ ಹಸಿ ಕಟಗಿ ಒಟ್ಟಿದ್ರ 12 ಟನ್ ದಾಟತದ. ನೋಡಲಿಕ್ಕೆ ಎರಡೂ ಒಂದೇ ಗಾಡಿ! ಹಸೀದು ಹೇರಿದವ ನಾಲ್ಕು ಟನ್ ನೀರು ಹೊತ್ತುಕೊಂಡು, ಅದಕ್ಕ ಡೀಸೆಲ್ ಸುಟ್ಟು, ಟೈರ್ ಸವಸಿ, ಘಟ್ಟದ ಇಳಕಲಿನಾಗ ಬ್ರೇಕ್ ಕಾಯಿಸಿ ಊರಿಗೆ ಬರಬೇಕು. ಬಾಡಿಗಿ ತೂಕದ ಮ್ಯಾಲ ಇದ್ರ ಆ ಆಸಿ ಬಿಡೋದು ಕಷ್ಟ. ಖೇಪಿನ ಮ್ಯಾಲ ಇದ್ರ ಮಾಲೀಕ ಒಣದೇ ಬೇಕು ಅಂತ ಜಗಳಾಡಾಂವ. ನಮ್ಮವ್ವ ಎರಡು ತುಂಡು ಒಂದಕ್ಕೊಂದು ಬಡದು ನೋಡಾಕಿ. ಟಣ್ ಅಂದ್ರ ಇಳಸ್ರಿ, ಬದ್ ಅಂದ್ರ ಒಯ್ರಿ. ತಕ್ಕಡಿಗಿಂತ ಆ ಕಿವಿ ಖರೆ ಇತ್ತು.

ಇದನ್ನೆಲ್ಲಾ ತಿಳದವರು ಮೂರನೇ ಕೈ ಗಾಡಿ ನೋಡೋ ರೀತಿನೂ ಬ್ಯಾರೆ. ಮೊದಲು ಇಂಜಿನ್ ಕೇಳತಿರಲಿಲ್ಲ. ಗಾಡಿ ಕೆಳಗ ಮಲಕೊಂಡು ಚಾಸಿ ನೋಡತಿದ್ರು. ಎಲ್ಲಿ ವೆಲ್ಡಿಂಗ್ ಆಗ್ಯದ, ಎಲ್ಲಿ ಪಟ್ಟಿ ಕೂಡಸ್ಯಾರ, ಹಿಂದಿನ ಕಮಾನಿನ ಹತ್ರ ಬಿರುಕು ಅದನೋ ಏನು. ಇಂಜಿನ್ ಬಿಚ್ಚಿ ಬೋರ್ ಮಾಡಿಸಿ ಹೊಸದರಂಗ ಮಾಡಬಹುದು, ಬಾಗಿದ ಚಾಸಿ ಮುಗೀತು ಅಂತನ. ಆಮ್ಯಾಲ ಕಮಾನ್ ಪಾಟಾ ಎಣಿಸೋದು. ಕಂಪನಿ ಕೊಟ್ಟದ್ದಕ್ಕಿಂತ ಒಂದೆರಡು ಪಾಟಾ ಜಾಸ್ತಿ ಇದ್ರ ಹಿಂದಿನ ಮಾಲೀಕ ಮಿತಿ ಮೀರಿ ಹೇರಿದಾನ ಅಂತ ಅರ್ಥ. ಖರೀದಿ ಮಾಡಾಂವನೂ ಹೇರಾಂವನ, ಆದ್ರೂ ಅದನ್ನ ತೋರಿಸಿ ದರ ಇಳಸ್ತಿದ್ದ. ಟೈರಿನೊಳಗ ಹೊಸದು ಮುಂದ, ರೀಸೋಲ್ ಮಾಡಿದ್ದು ಹಿಂದ. ಮುಂದಿನ ಟೈರ್ ಸಿಡದ್ರ ಜೀವಕ್ಕ ಬರ್ತದ, ಹಿಂದ ಜೋಡಿ ಗಾಲಿ ಇರ್ತಾವ. ಬಣ್ಣ, ಹಾರ್ನು, ಸೀಟು ಯಾರೂ ನೋಡತಿರಲಿಲ್ಲ.

ರೊಕ್ಕದ ದಾರಿ ಇನ್ನೊಂದು. 1969ರ ಜುಲೈದಾಗ 14 ಬ್ಯಾಂಕು ರಾಷ್ಟ್ರೀಕರಣ ಆದ ಮ್ಯಾಲ ಸಣ್ಣ ಟ್ರಕ್ ಮಾಲೀಕರೂ ಆದ್ಯತಾ ಸಾಲದ ಪಟ್ಟಿಯೊಳಗ ಬಂದ್ರು. ಒಂದೇ ಟ್ರಕ್ಕಿನಿಂದ ಶುರು ಮಾಡಿ ಮ್ಯಾಲ ಬಂದವರೂ ಇದ್ದಾರ. ವಿಜಯ ಸಂಕೇಶ್ವರ ಅವರು 1976ರಾಗ ಗದಗಿನಾಗ ಒಂದು ಟ್ರಕ್ಕಿನಿಂದ ಶುರು ಮಾಡಿದ್ದು ಎಲ್ಲರಿಗೂ ಗೊತ್ತಿರೋ ಕಥಿ. ಆದ್ರ ಬ್ಯಾಂಕು ಸಾಲ ಕೊಡೋದು ಹೊಸಾ ಗಾಡಿಗೆ. ಮೂರನೇ ಕೈ ಗಾಡಿಗೆ ಸಾಲ ಬೇಕಂದ್ರ ಖಾಸಗಿ ಫೈನಾನ್ಸು, ಬಡ್ಡಿ ತುಟ್ಟಿ. ಹಂಗಾಗಿ ಕಟಗಿ ಗಾಡಿ ಮಾಲೀಕ ಭಾಳ ಸಲ ತಾನೇ ಡ್ರೈವರ್, ಅವನ ತಮ್ಮನೋ ಅಳಿಯನೋ ಕ್ಲೀನರ್. ಮಳಿಗಾಲದಾಗ ಕಾಡಿನ ರಸ್ತಾ ಕೆಸರಾಗಿ ಮೂರು-ನಾಲ್ಕು ತಿಂಗಳು ಗಾಡಿ ನಿಂತರೂ ಕಂತು ನಿಲ್ಲೋದಿಲ್ಲ.

ಹಳೇ ಗಾಡಿನ ಯಾಕ ಅನ್ನೋದಕ್ಕ ಇನ್ನೊಂದು ಕಾರಣ ಅದ, ಅದನ್ನ ಯಾರೂ ಜೋರಾಗಿ ಹೇಳತಿರಲಿಲ್ಲ. ಕಾಡಿನ ಮಾಲು ಸಾಗಸಬೇಕಂದ್ರ ಅರಣ್ಯ ಇಲಾಖೆಯ ಪಾಸು ಬೇಕು. 1963ರ ಕರ್ನಾಟಕ ಅರಣ್ಯ ಕಾಯ್ದೆಯೊಳಗ ಮುಂದ ಗಾಡಿನ ಜಪ್ತಿ ಮಾಡಿ ಸರಕಾರಕ್ಕ ಸೇರಸ್ಕೊಳ್ಳೋ ಅಧಿಕಾರನೂ ಬಂತು. ಕಟಗಿ ರಾಶಿಯ ಕೆಳಗ ಯಾರೋ ಎರಡು ತುಂಡು ಸಾಗವಾನಿಯೋ ಗಂಧಾನೋ ಇಟ್ಟಿದ್ರ ಹೋಗೋದು ಆ ತುಂಡಷ್ಟ ಅಲ್ಲ, ಇಡೀ ಗಾಡಿ. ಇಟ್ಟಾಂವ ಒಬ್ಬ, ಕಳಕೊಂಡಾಂವ ಇನ್ನೊಬ್ಬ ಆಗೋದೂ ಇತ್ತು. ಅಂಥಾ ದಾರಿಗೆ ಹೊಸಾ ಗಾಡಿ ಇಳಸೋ ಧೈರ್ಯ ಯಾರಿಗೆ?

ಮನಿ ಕಡೆಯಿಂದ ನೋಡಿದ್ರ ಟ್ರಕ್ಕು ಒಂದು ಪದ್ಧತಿ ಬದಲಿ ಮಾಡ್ತು. ಚಕ್ಕಡಿ ಕಾಲದಾಗ ಆಗಾಗ ಒಂದೊಂದು ಹೇರು ಕೊಳ್ಳೋದು. ಟ್ರಕ್ಕು ಬಂದ ಮ್ಯಾಲ ವರ್ಷಕ್ಕ ಒಮ್ಮೆ. ತಲಿಗೆ ದಿನಕ್ಕ ಒಂದು ಕಿಲೋ ಹಿಡದ್ರೂ ಐದಾರು ಮಂದಿ ಮನಿಗೆ ವರ್ಷಕ್ಕ 2 ಟನ್ ಬೇಕು. ಅಂದ್ರ ಒಂದು ಗಾಡಿ ನಾಕು ಮನಿಗೆ. ಓಣಿಯ ನಾಕು ಮನಿಯವರು ಕೂಡಿ ಮೃಗಶಿರಾ ಮಳಿಗಿಂತ ಮೊದಲ ಒಂದು ಗಾಡಿ ತರಸ್ತಿದ್ರು, ಕಡ್ಯಾಂವ ಬಂದು ಎರಡು ದಿನ ಕೊಡ್ಲಿ ಬಡೀತಿದ್ದ, ಹಿತ್ತಲದಾಗ ಗ್ವಾಡಿಗೆ ಹತ್ತಿ ಗೂಡು ಒಟ್ಟತಿದ್ರು. ಮ್ಯಾಲ ತಗಡು. ಚೇಳು, ಹಾವು ಅದರೊಳಗ ಸೇರ್ಕೊಳ್ಳೋವು ಬ್ಯಾರೆ.

ಈ ದೂರದ ಕಟಗಿಯ ಲೆಕ್ಕ ಇಟ್ಟವರು ಕಡಿಮಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿ ಮತ್ತ ಸುಧಾಕರ ರೆಡ್ಡಿ 1983ರಾಗ ಬೆಂಗಳೂರಿನ ಉರವಲ ಕಟಗಿಯ ಬಗ್ಗೆ ಅಭ್ಯಾಸ ಮಾಡಿ ಬರದ್ರು. ದೊಡ್ಡ ಪ್ಯಾಟಿ ತನ್ನ ಒಲಿಗೆ ಲಾರಿಗಟ್ಟಲೆ ಕಟಗಿ ಹೊರಗಿನಿಂದ ಎಳಕೊಳ್ಳೋದು ಆವಾಗ ಕಾಗದದ ಮ್ಯಾಲ ಬಂತು. ಅದೇ ಸಂಸ್ಥೆಯ ‘ಅಸ್ತ್ರ’ ಕೇಂದ್ರದವರು ಕಟಗಿ ಉಳಸೋ ಒಲಿನೂ ಮಾಡಿದ್ರು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮ್ಯಾಲ ಕಾಡು ಕಡಿಯೋದು ಬಿಗಿ ಆಗ್ತಾ ಹೋತು. ಟ್ರಕ್ಕಿನಾಗ ಕಾಣೋದು ಬರಬರತ ನೀಲಗಿರಿ, ಜಾಲಿ, ಹೊಲದ ಬದುವಿನ ಮರ. ಆ ಹೊತ್ತಿಗೆ ಅಡಗಿ ಮನಿಯೊಳಗ ಚಿಮಣಿ ಎಣ್ಣಿ ಸ್ಟೋವು, ಅದರ ಹಿಂದ ಗ್ಯಾಸು ಬಂದು ಕೂತಿದ್ವು. ಬಚ್ಚಲದ ಹಂಡೆ, ಬಂಬ ಇನ್ನೂ ಒಂದಿಷ್ಟು ವರ್ಷ ಕಟಗಿನ ಕೇಳಿದ್ವು.

ದೊಡ್ಡ ಗಾಡಿ ತುಂಬಾ ಕಟಗಿ ತಗೊಳ್ಳೋ ಓಣಿ ಈಗ ಯಾವುದೂ ಇಲ್ಲ. 1986ರಾಗ ಬಂದ ಟಾಟಾ 407 ಆ ಜಾಗಾ ಅರ್ಧ ತುಂಬ್ತು, ಉಳದದ್ದನ್ನ ಟ್ರ್ಯಾಕ್ಟರಿನ ಟ್ರೇಲರ್ ತುಂಬ್ತು. 2005ರಾಗ ಬಂದ ಏಸ್ ಗಾಡಿ, ಮಂದಿ ‘ಛೋಟಾ ಹಾಥಿ’ ಅನ್ನೋದು, ಹೊರೋದು ಮುಕ್ಕಾಲು ಟನ್, ಹಳೇ ಚಕ್ಕಡಿಯ ಹೇರಿನಷ್ಟ. ಅದು ಬೆಳಿಗ್ಗೆ ಖಾನಾವಳಿ ಹಿಂದ, ಬೇಕರಿ ಹಿಂದ, ಲಗ್ನದ ಕಾರ್ಯಾಲಯದ ಹಿಂದ ಕಟಗಿ ಇಳಸಿ ಹೋಗ್ತದ. ಸ್ಮಶಾನಕ್ಕ ಒಂದು ಚಿತೆಗೆ ಮೂರು-ನಾಲ್ಕು ಕ್ವಿಂಟಲ್ ಬೇಕು, ಅಲ್ಲಿಗೂ ಅದೇ ಗಾಡಿ. ಒಂದು ಖೇಪಿನಾಗ ಎರಡು ಚಿತೆಯ ಕಟಗಿ ಬರ್ತದ. ಅಲ್ಲಿ ಮಾತ್ರ ಹಸಿ ಕಟಗಿ ಯಾರೂ ಇಳಸ್ಕೊಳ್ಳಂಗಿಲ್ಲ.